ಹಿಂದಿನ ಸೀಟಿನ ಎತ್ತರ

ಆ ಸೈಕಲ್ ಅಂಗಡಿ ನಡೆಸುತ್ತಿದ್ದವರು ಅತ್ತಿಗೆ, ನಾದಿನಿ ಇಬ್ಬರೇ. ಮುಂದೆ ಮೇಜಿನ ಹತ್ತಿರ ಕೂತು ಗಿರಾಕಿಗಳನ್ನು ಮಾತಿನಲ್ಲೇ ಕಟ್ಟಿಹಾಕುವವಳು ಅತ್ತಿಗೆ. ಪರದೆಯ ಹಿಂದೆ ಮೊಣಕೈವರೆಗೆ ಗ್ರೀಸು ಬಳಿದುಕೊಂಡು ರಿಪೇರಿ ಮಾಡುವವಳು ನಾದಿನಿ. ನಡುವೆ ಕೊಂಡಿಯಾಗಬೇಕಿದ್ದ ಅಣ್ಣ ಲಾರಿ ಓಡಿಸುತ್ತಿದ್ದ. ಮನೆಗೆ ಬಂದಾಗ ನೆಂಟ, ಹೋದಾಗ ಬರೀ ಫೋನು.

ನಾದಿನಿಯನ್ನು ಎಲ್ಲರೂ ಕರೆಯುತ್ತಿದ್ದುದು ಕಡ್ಡಿ ಎಂದು. ತೆಳ್ಳಗೆ, ಉದ್ದಕ್ಕೆ ಬೆಳೆದುಬಿಟ್ಟಳೆಂದು ಅಪ್ಪ ಇಟ್ಟ ಹೆಸರು. ಚಕ್ರದ ಕಡ್ಡಿಗಳನ್ನು ಬಿಗಿದು ಬೆಂಡು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದಾದ ಮೇಲೆ ಹೆಸರು ಇನ್ನಷ್ಟು ಅಂಟಿಕೊಂಡಿತು. ಸಾಲದ್ದಕ್ಕೆ, ಬಾಯಿ ತೆರೆದರೆ ಕಡ್ಡಿ ಮುರಿದ ಹಾಗೆ ಮಾತು. ವಯಸ್ಸು ಮೂವತ್ತು ದಾಟಿದರೂ ಆ ಹೆಸರು ಬಿಟ್ಟುಹೋಗುವ ಲಕ್ಷಣ ಕಾಣಲಿಲ್ಲ.

ಆ ಬಾಯಿಯೇ ಅಂಗಡಿಗೆ ದೊಡ್ಡ ತಲೆನೋವು. ಒಮ್ಮೆ ದಪ್ಪನೆಯ ಗಿರಾಕಿಯೊಬ್ಬರು, ದಿನಾ ಸೈಕಲ್ ತುಳಿದು ನಾನು ಎಷ್ಟು ಇಳಿದಿದ್ದೇನೆ ನೋಡಿ ಎಂದು ಖುಷಿಯಾಗಿ ಹೇಳಿಕೊಂಡರು. ಕಡ್ಡಿ ಟೈರನ್ನು ಒತ್ತಿ ನೋಡಿ, ಇಳಿದ ಹಾಗೆ ಟೈರಿಗೆ ಅನ್ನಿಸಿಲ್ಲ ಎಂದಳು. ಅವಳಿಗೆ ತಮಾಷೆಯ ಉದ್ದೇಶವಿರಲಿಲ್ಲ, ಅವಮಾನದ ಉದ್ದೇಶವಂತೂ ಇರಲೇ ಇಲ್ಲ. ಕೇಳಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಂದೇ ಅತ್ತಿಗೆ ಒಂದು ಕಾನೂನು ಮಾಡಿದಳು. ಗಿರಾಕಿ ಎದುರಿಗಿದ್ದಾಗ ಕಡ್ಡಿ ಮೂರೇ ಮಾತು ಆಡಬೇಕು: ‘ಆಗುತ್ತೆ ಸಾರ್’, ‘ನೋಡೋಣ ಸಾರ್’, ‘ಏನೂ ಯೋಚನೆ ಮಾಡ್ಬೇಡಿ ಸಾರ್’. ನಾಲ್ಕನೆಯದು ಬಾಯಿಗೆ ಬಂದರೆ ನುಂಗಬೇಕು.

ಕೆಲವು ವರ್ಷಗಳ ಹಿಂದೆ ಡಾಕ್ಟರೊಬ್ಬರು ಕಡ್ಡಿಯ ಜೊತೆ ಬಹಳ ಹೊತ್ತು ಮಾತಾಡಿ, ಇವಳದ್ದು ಆಟಿಸಂ ಎಂದು ಹೇಳಿದ್ದರು. ಮುಖ ನೋಡಿ ಮನಸ್ಸು ತಿಳಿಯುವುದು ಇವಳಿಗೆ ಕಷ್ಟ, ಗದ್ದಲ ಕಷ್ಟ, ಹೇಳದೆ ಕೇಳದೆ ಏನಾದರೂ ಆಗಿಬಿಟ್ಟರೆ ಇನ್ನೂ ಕಷ್ಟ ಎಂದು ಬಿಡಿಸಿ ಹೇಳಿದರು. ಅತ್ತಿಗೆ ಎಲ್ಲ ಕೇಳಿಸಿಕೊಂಡು, ಇದಕ್ಕೆ ಹೆಸರು ಬೇರೆ ಇದೆಯಾ, ನಾನು ಇವಳ ಸ್ವಭಾವ ಅಂದುಕೊಂಡಿದ್ದೆ ಎಂದಳು. ಮರುದಿನ ಮಾತ್ರ ಪರದೆಯ ಪಕ್ಕದ ಗೋಡೆಗೆ ಒಂದು ಸೈಕಲ್ ಬೆಲ್ಲು ಹೊಡೆಸಿದಳು. ಅಂದಿನಿಂದ ಬೆಲ್ಲು ಬಾರಿಸದೆ ಅತ್ತಿಗೆ ಒಳಗೆ ಕಾಲಿಟ್ಟವಳಲ್ಲ. ಬೈಯುವುದಿದ್ದರೂ ಮೊದಲು ಬೆಲ್ಲು, ಆಮೇಲೆ ಬೈಗುಳ.

ಆ ಬೆಲ್ಲು ಬಾರಿಸಿ ಒಂದು ಬೆಳಿಗ್ಗೆ ಅತ್ತಿಗೆ, ಹೊರಗೆ ಬಂದು ನೋಡು, ನಿನ್ನ ಅಳತೆಗೆ ಒಂದು ಬಂದಿದೆ ಎಂದಳು. ಅವಳು ಹೇಳಿದ್ದು ಸೈಕಲ್ಲಿನ ಬಗ್ಗೆ. ಬಾಗಿಲಲ್ಲಿ ಜೋಡಿ ಸೈಕಲ್ ನಿಂತಿತ್ತು. ಒಬ್ಬರ ಹಿಂದೆ ಒಬ್ಬರು ಕೂತು ಇಬ್ಬರೂ ತುಳಿಯುವಂಥದ್ದು. ಎರಡು ಸೀಟು, ಎರಡು ಹ್ಯಾಂಡಲ್, ಎರಡು ಜೊತೆ ಪೆಡಲು, ಮುಂದಿನ ಪೆಡಲಿಗೂ ಹಿಂದಿನ ಪೆಡಲಿಗೂ ನಡುವೆ ಒಂದು ಉದ್ದನೆಯ ಚೈನು. ತುಕ್ಕು ಹಿಡಿದು, ಧೂಳು ಮೆತ್ತಿಕೊಂಡು, ಎರಡೂ ಟೈರು ಕೂತುಹೋಗಿದ್ದವು. ಕಡ್ಡಿ ಅದನ್ನು ಕಣ್ಣಲ್ಲೇ ನುಂಗಿದಳು. ಅದನ್ನು ಹಿಡಿದುಕೊಂಡು ಒಬ್ಬ ಮನುಷ್ಯ ನಿಂತಿದ್ದಾನೆಂಬುದು ಅವಳ ಗಮನಕ್ಕೆ ಬಂದದ್ದು ಸ್ವಲ್ಪ ತಡವಾಗಿ.

ಅವನು ಮುಂದಿನ ಬೀದಿಯ ಕನ್ನಡಕದ ಅಂಗಡಿಯವನು. ಕಣ್ಣು ಪರೀಕ್ಷೆ ಮಾಡಿ ಗಾಜು ಕೂರಿಸಿಕೊಡುವವನು. ನಲವತ್ತರ ಆಸುಪಾಸು, ಮೆದು ಮಾತು, ಅಂಗಿಯ ಜೇಬಿನಲ್ಲಿ ಯಾರದೋ ಕನ್ನಡಕ. ಎರಡು ವರ್ಷದಿಂದ ಇದು ಮನೆಯ ಮೆಟ್ಟಿಲ ಕೆಳಗೆ ಬಿದ್ದಿತ್ತು, ಓಡುವ ಹಾಗೆ ಮಾಡಿಕೊಡಬೇಕು ಎಂದ. ಕಡ್ಡಿ ಒಂದನೇ ಮಾತು ಬಳಸಿದಳು. ಅತ್ತಿಗೆಗೆ ಸಮಾಧಾನವಾಯಿತು. ಅಷ್ಟರಲ್ಲಿ ಕಡ್ಡಿ ಕೂತು ಪೆಡಲುಗಳನ್ನು ತಿರುಗಿಸಿ ನೋಡಿ, ಹಿಂದೆ ಕೂರುವವರು ಯಾರು ಎಂದು ಕೇಳಿದಳು. ಹೆಂಡತಿ ಕೂರುತ್ತಿದ್ದಳು, ತೀರಿಕೊಂಡಳು ಎಂದು ಅವನು ಹೇಳಿದ. ಅತ್ತಿಗೆ ‘ಛೆ ಛೆ’ ಎಂದು ಶುರು ಮಾಡುವ ಮೊದಲೇ ಕಡ್ಡಿ ಬಾಯಿ ಹಾಕಿದಳು.

“ಅವರು ಸರಿಯಾಗಿ ತುಳೀತಾ ಇರ್ಲಿಲ್ಲ ಅಲ್ವಾ? ಮುಂದಿನ ಪೆಡಲು ಸವೆದುಹೋಗಿದೆ. ಹಿಂದಿನದು ಹೊಸದರ ಹಾಗಿದೆ.”

ಕನ್ನಡಕದವನು ಬಗ್ಗಿ ಹಿಂದಿನ ಪೆಡಲನ್ನು ನೋಡಿದ. ನೋಡುತ್ತ ನೋಡುತ್ತ ಅವನ ಹೊಟ್ಟೆ ಕುಲುಕತೊಡಗಿತು. ನಗುವನ್ನು ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡ. ಏರು ಬಂತೆಂದರೆ ಅವಳು ಕಾಲನ್ನು ಪೆಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡು ಕಿತ್ತಳೆ ಸುಲಿಯುತ್ತಿದ್ದಳು, ನಾನು ಬೆವರು ಸುರಿಸಿಕೊಂಡು ಇಬ್ಬರ ಭಾರ ಎಳೆಯುತ್ತಿದ್ದೆ, ಕೇಳಿದರೆ ನಾನೂ ತುಳಿಯುತ್ತಿದ್ದೀನಲ್ಲ ಎಂದು ಆಣೆ ಇಡುತ್ತಿದ್ದಳು ಎಂದು ಹೇಳಿದ. ಎರಡು ವರ್ಷದಲ್ಲಿ ಅವಳ ಮೇಲೆ ಯಾರೂ ಒಂದು ದೂರು ಹೇಳಿರಲಿಲ್ಲವಂತೆ. ಎಲ್ಲರ ಬಾಯಲ್ಲೂ ಅವಳು ದೇವತೆಯೇ ಆಗಿಬಿಟ್ಟಿದ್ದಳಂತೆ.

ಅವನು ಹೋದ ಮೇಲೆ ಅತ್ತಿಗೆ ತಲೆಯ ಮೇಲೆ ಕೈ ಹೊತ್ತು ಕೂತಳು. ಸತ್ತವರನ್ನು ಸೋಮಾರಿ ಎಂದ ನಾದಿನಿಯನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಗಿರಾಕಿ ನಕ್ಕಿದ್ದರಿಂದ ಬೈಯಲೂ ಆಗಲಿಲ್ಲ.

ಕಡ್ಡಿಗೆ ಕೆಲಸದಲ್ಲಿ ಒಂದು ಕ್ರಮವಿತ್ತು, ಅಪ್ಪನಿಂದ ಬಂದದ್ದು. ಯಾವ ಸೈಕಲ್ ಬಂದರೂ ಮೊದಲು ಸೀಟಿನ ಕಂಬಿಯನ್ನು ಹೊರಗೆಳೆಯುವುದು. ವರ್ಷಗಟ್ಟಲೆ ಅಲುಗದೆ ನಿಂತ ಕಂಬಿ ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡುಬಿಡುತ್ತದೆ. ಅದನ್ನು ಎಳೆದು, ಉಪ್ಪುಕಾಗದದಲ್ಲಿ ಉಜ್ಜಿ, ಬೆಳ್ಳಗೆ ಮಾಡಿ, ಗ್ರೀಸು ಸವರಿ ವಾಪಸು ಇಳಿಸುವುದು. ಎರಡು ಸೀಟಿದ್ದರೆ ಎರಡು ಕಂಬಿ, ಖುಷಿಯೂ ಎರಡರಷ್ಟು. ಅಪ್ಪ ತೀರಿಕೊಂಡ ದಿನ ಅವಳು ಅತ್ತಿರಲಿಲ್ಲ. ಅಂಗಡಿಯಲ್ಲಿದ್ದ ಚಕ್ರಗಳನ್ನೆಲ್ಲ ಒಂದೊಂದಾಗಿ ಇಳಿಸಿ ಬೆಂಡು ತೆಗೆಯುತ್ತ ಕೂತಿದ್ದಳು. ನೋಡಲು ಬಂದ ನೆಂಟರು ಕಲ್ಲು ಮನಸ್ಸಿನ ಹುಡುಗಿ ಎಂದು ಆಡಿಕೊಂಡರು. ಅತ್ತಿಗೆ ಅವರಿಗೆ ಏನೂ ಹೇಳಲಿಲ್ಲ, ಬಿಚ್ಚಿದ ಚಕ್ರಗಳನ್ನು ಒಂದೊಂದಾಗಿ ನಾದಿನಿಯ ಕೈಗೆ ಎತ್ತಿಕೊಟ್ಟಳು.

ಜೋಡಿ ಸೈಕಲ್ ಸಿದ್ಧವಾದಾಗ ಕನ್ನಡಕದವನಿಗೆ ಹೇಳಿಕಳಿಸಿದರು. ಓಡಿಸಿ ನೋಡದೆ ಕೊಡುವ ಹಾಗಿಲ್ಲ, ಓಡಿಸಬೇಕಾದರೆ ಹಿಂದೆ ಒಬ್ಬರು ಬೇಕು. ಅತ್ತಿಗೆ ತನ್ನ ಸೊಂಟವನ್ನೂ ಸೀಟನ್ನೂ ಒಮ್ಮೆ ನೋಡಿ, ನನ್ನಿಂದಾಗದು ಎಂದಳು. ಕಡ್ಡಿಗೋ ಬೇರೆಯವರ ಹಿಂದೆ ಕೂರುವುದೆಂದರೆ ಪ್ರಾಣಸಂಕಟ. ಬಸ್ಸಿನಲ್ಲಿ ಕೂತರೂ ಯಾವಾಗ ಬ್ರೇಕು ಹಾಕುತ್ತಾನೋ, ಯಾವಾಗ ತಿರುಗಿಸುತ್ತಾನೋ ಎಂದು ಮೈಯೆಲ್ಲ ಬಿಗಿಯಾಗುತ್ತಿತ್ತು. ಆದರೆ ತಾನು ಕಟ್ಟಿದ ಸೈಕಲ್ಲು ಹೇಗೆ ಓಡುತ್ತದೆಂದು ತಿಳಿಯದೆ ಇರುವುದು ಅದಕ್ಕಿಂತ ಸಂಕಟ. ಸೀಟನ್ನು ತನ್ನ ಉದ್ದನೆಯ ಕಾಲಿಗೆ ಸರಿಯಾಗಿ ಮೇಲಕ್ಕೆಳೆದು, ಬೋಲ್ಟನ್ನು ಕೈಯಲ್ಲೇ ತಿರುವಿ ಬಿಗಿದು, ಹತ್ತಿ ಕೂತಳು. ಮುಟ್ಟುವುದಿದ್ದರೆ ಮೊದಲೇ ಹೇಳಬೇಕು, ಹೇಳದೆ ಮುಟ್ಟಿದರೆ ನನಗಾಗುವುದಿಲ್ಲ ಎಂದು ಅವನ ಬೆನ್ನಿಗೆ ಎಚ್ಚರಿಕೆ ಕೊಟ್ಟಳು. ಅವನು ಸರಿ ಎಂದ.

ಹೊರಡುವ ಮುಂಚೆ ಅವನ ಎಡಗೈ ತಾನಾಗಿ ಹಿಂದಕ್ಕೆ ಬಂತು. ಸೀಟಿನ ಮೂತಿಯನ್ನು ತಟ್ಟಲು ಬಂದಂತಿತ್ತು, ಆದರೆ ಸೀಟು ಮೇಲಿತ್ತು. ಕೈ ಅದರ ಕೆಳಗೆ ಬರೀ ಗಾಳಿಯನ್ನು ತಟ್ಟಿ ಸರಕ್ಕನೆ ವಾಪಸು ಹೋಯಿತು. ಕಡ್ಡಿ ಅದನ್ನು ಗಮನಿಸಿದಳು, ಯಾಕೆಂದು ಕೇಳಲಿಲ್ಲ. ಕೇಳುವಷ್ಟರಲ್ಲಿ ಅವನು ಮಾತಾಡತೊಡಗಿದ್ದ.

“ಹೊರಡ್ತೀನಿ. ಬಲಗಾಲು ಮೊದಲು.”

ಹೊರಟರು. ಅಲ್ಲಿಂದ ಮುಂದೆ ಆದದ್ದು ಕಡ್ಡಿಯ ಜೀವನದಲ್ಲಿ ಯಾವತ್ತೂ ಆಗಿರಲಿಲ್ಲ. ಎಡಕ್ಕೆ ತಿರುಗುತ್ತೀನಿ ಎಂದು ಹೇಳಿ ಅವನು ಎಡಕ್ಕೆ ತಿರುಗಿಸಿದ. ಮುಂದೆ ಗುಂಡಿ, ಸ್ವಲ್ಪ ಎದ್ದು ಕೂರಿ ಎಂದ, ಗುಂಡಿ ಬಂತು. ನಿಧಾನ ಮಾಡುತ್ತೀನಿ ಎಂದ, ನಿಧಾನವಾಯಿತು. ಲಾರಿಯೊಂದು ಹಾರ್ನ್ ಹೊಡೆಯುವುದರಲ್ಲಿದೆ, ಕಿವಿ ಮುಚ್ಚಿಕೊಳ್ಳಬಹುದು ಎಂದ. ಹಿಂದಿನವಳಿಗೆ ಕಾಣುವುದು ಮುಂದಿನವನ ಬೆನ್ನೊಂದೇ, ದಾರಿ ಕಾಣುವುದಿಲ್ಲ. ಅದಕ್ಕೆ ಜೋಡಿ ಸೈಕಲ್ಲಿನಲ್ಲಿ ಮುಂದಿನವನು ಎಲ್ಲವನ್ನೂ ಮೊದಲೇ ಹೇಳುತ್ತಿರಬೇಕು. ಅವನಿಗೆ ಅದು ಉಸಿರಾಡಿದಷ್ಟು ಸಲೀಸಾಗಿ ಬರುತ್ತಿತ್ತು. ಕಡ್ಡಿಯ ಭುಜಗಳು ಒಂದು ಬೀದಿ ದಾಟುವಷ್ಟರಲ್ಲಿ ಇಳಿದವು, ಎರಡನೇ ಬೀದಿಯಲ್ಲಿ ಅವಳು ಸುತ್ತಲಿನ ಅಂಗಡಿಗಳನ್ನು ನೋಡತೊಡಗಿದಳು. ಇದು ಸೈಕಲ್ಲಿನ ನಿಯಮವೋ, ನಿಮ್ಮ ಸ್ವಭಾವವೋ ಎಂದು ಕೇಳಿಯೇಬಿಟ್ಟಳು.

“ಮೊದಲು ನಿಯಮ ಆಗಿತ್ತು, ಆಮೇಲೆ ಸ್ವಭಾವ ಆಯ್ತು. ಮನೇಲೂ ‘ಲೈಟ್ ಆರಿಸ್ತೀನಿ’ ಅಂತ ಹೇಳೇ ಆರಿಸ್ತಿದ್ದೆ. ಈಗ ಮನೇಲಿ ಯಾರೂ ಇಲ್ಲ. ಆದರೂ ಹೇಳ್ತೀನಿ.”

ಅದನ್ನು ಹೇಳುವಾಗ ಅವನ ಕಾಲು ಒಂದು ಸುತ್ತು ತಡವರಿಸಿತು. ಉದ್ದನೆಯ ಚೈನಿನ ಮೂಲಕ ಆ ತಡವರಿಕೆ ಕಡ್ಡಿಯ ಪಾದಕ್ಕೆ ಬಂದು ಮುಟ್ಟಿತು. ಮುಖ ನೋಡಿ ಮನಸ್ಸು ತಿಳಿಯಲಾರದವಳು ಕಾಲಿನಿಂದ ತಿಳಿದುಕೊಂಡಳು, ಈ ಮನುಷ್ಯನಿಗೆ ಈಗ ದುಃಖವಾಯಿತು ಎಂದು. ಸ್ವಲ್ಪ ಮುಂದೆ ಹೋದ ಮೇಲೆ ಕಾಲು ಹಗುರವಾಯಿತು, ಅದೂ ತಿಳಿಯಿತು. ಇಷ್ಟು ವರ್ಷ ಜನರ ಹುಬ್ಬು, ತುಟಿ, ಕಣ್ಣು ಎಲ್ಲ ನೋಡಿ ನೋಡಿ ಸೋತವಳಿಗೆ, ಪೆಡಲಿನಲ್ಲಿ ಎಲ್ಲ ಇದ್ದ ಹಾಗೆ ಸಿಕ್ಕಿತು. ತಿರುಗಿ ಅಂಗಡಿಯ ಬೀದಿಗೆ ಬರುವಷ್ಟರಲ್ಲಿ ಅವಳು ಅವನನ್ನು ಪ್ರೀತಿಸತೊಡಗಿದ್ದಳು. ಅದರಲ್ಲಿ ಅವಳಿಗೇನೂ ಗೊಂದಲವಿರಲಿಲ್ಲ. ಸಂಜೆ ಅತ್ತಿಗೆಗೆ ಹೇಳಬೇಕು ಎಂದುಕೊಂಡಳು.

ಸಂಜೆಯವರೆಗೆ ಕಾಯುವ ಪುಣ್ಯ ಇರಲಿಲ್ಲ. ಅವನು ಇಳಿದು, ಬೆವರು ಒರೆಸಿಕೊಂಡು, ಎರಡು ವರ್ಷದಲ್ಲಿ ಇಷ್ಟು ಹಗುರಾಗಿ ಉಸಿರಾಡಿರಲಿಲ್ಲ ಎಂದ. ಆಮೇಲೆ ಹಿಂದಿನ ಸೀಟಿನ ಮೇಲೆ ಕೈ ಇಟ್ಟ. ಇದನ್ನು ಮೊದಲಿದ್ದ ಎತ್ತರಕ್ಕೇ ಇಟ್ಟುಕೊಡಿ ಎಂದ. ಅವಳು ಹೋದ ಮೇಲೆ ಬಟ್ಟೆಬರೆಯೆಲ್ಲ ಯಾರು ಯಾರಿಗೋ ಹೋದವಂತೆ, ಮನೆಯಲ್ಲಿ ಒಂದೊಂದೇ ವಸ್ತು ಜಾಗ ಬದಲಾಯಿಸಿತಂತೆ. ಅವಳು ಕೂತು ಎದ್ದು ಹೋದ ಹಾಗೇ ಉಳಿದದ್ದು ಇದೊಂದೇ ಸೀಟು ಎಂದ.

ಕಡ್ಡಿ ಕೂತು ಬೋಲ್ಟು ಸಡಿಲಿಸಿ ಕಂಬಿಯನ್ನು ನೋಡಿದಳು. ಕಂಬಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೊದಲು ಅದರ ಮೇಲೆ, ಹೊರಗಿದ್ದ ಭಾಗ ಮಾಸಿ, ಒಳಗಿದ್ದ ಭಾಗ ಮಾಸದೆ, ಎರಡರ ನಡುವೆ ತೆಳ್ಳನೆ ಒಂದು ಗೆರೆ ಇತ್ತು. ಬಿಚ್ಚಿದ ದಿನ ಅದನ್ನು ಅವಳು ನೋಡಿದ್ದಳು. ನೋಡಿ, ಕೊಳೆ ಎಂದುಕೊಂಡು, ಉಪ್ಪುಕಾಗದ ತೆಗೆದುಕೊಂಡು, ಒಂದು ಚೂರೂ ಬಿಡದ ಹಾಗೆ ಉಜ್ಜಿದ್ದಳು.

ಅತ್ತಿಗೆ ಅವಳ ಕೈ ನಿಂತದ್ದನ್ನು ನೋಡಿಯೇ ಅರ್ಥ ಮಾಡಿಕೊಂಡಳು. ಅವನ ಬೆನ್ನ ಹಿಂದಿನಿಂದ ಒಂದು ಬೆರಳೆತ್ತಿ ತೋರಿಸಿದಳು. ಒಂದನೇ ಮಾತು ಹೇಳು ಎಂದು. ಅಂದಾಜಿಗೆ ಒಂದು ಎತ್ತರಕ್ಕೆ ಇಟ್ಟರೆ ಅವನಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಇಷ್ಟು ಚೆನ್ನಾಗಿ ನಡೆದ ದಿನ ಚೆನ್ನಾಗಿಯೇ ಮುಗಿಯುತ್ತದೆ. ಕಡ್ಡಿಗೂ ಅದು ಗೊತ್ತಿತ್ತು. ಬಾಯಿ ತೆರೆದರೆ ಈ ಮನುಷ್ಯ ಇನ್ನು ಈ ಬಾಗಿಲಿಗೆ ಬರುವುದಿಲ್ಲ ಎಂದೂ ಗೊತ್ತಿತ್ತು. ಬರದೆ ಇದ್ದರೆ ತನಗೆ ಸಹಿಸಲಾಗುವುದಿಲ್ಲ ಎಂದು ಆ ಕ್ಷಣಕ್ಕೆ ಅರಿವಾಯಿತು.

“ಆಗಲ್ಲ,” ಎಂದಳು. “ಎತ್ತರದ ಗುರುತು ಕಂಬಿ ಮೇಲಿತ್ತು. ನಾನೇ ಉಜ್ಜಿ ತೆಗೆದುಬಿಟ್ಟೆ. ಅದು ಗುರುತು ಅಂತ ನನಗೆ ಹೊಳೀಲಿಲ್ಲ.”

ಅವನ ಮುಖ ಹೇಗಾಯಿತೆಂದು ಆಮೇಲೆ ಅತ್ತಿಗೆ ಹೇಳಿದ ಮೇಲೆಯೇ ಅವಳಿಗೆ ತಿಳಿದದ್ದು. ಅವಳು ನೋಡಿದ್ದು ಸೀಟಿನ ಮೇಲಿಂದ ಕೈ ಜಾರಿದ್ದನ್ನು ಮಾತ್ರ. ಅವನು ಜಗಳವಾಡಲಿಲ್ಲ. ಸೈಕಲ್ ಇಲ್ಲೇ ಇರಲಿ ಎಂದ. ನಡೆದುಕೊಂಡೇ ಹೋದ.

ಅತ್ತಿಗೆ ಅಂದು ಬೆಲ್ಲು ಬಾರಿಸಲೂ ಮರೆತು ಪರದೆ ಸರಿಸಿದಳು. ಬಾಯಿಗೆ ಬಂದ ಹಾಗೆ ಬೈದಳು. ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದಳು. ಅದನ್ನು ಕೇಳಿ ಕಡ್ಡಿ, ಹಾಗೆ ಹೇಳಿದ್ದರೆ ತನ್ನ ಹೆಂಡತಿಯ ಸೀಟೆಂದು ಅವರು ದಿನಾ ತಟ್ಟುತ್ತಿದ್ದರು, ಅದು ನಾನು ಇಟ್ಟ ಸೀಟಾಗಿರುತ್ತಿತ್ತು, ನನಗೊಬ್ಬಳಿಗೇ ಅದು ಗೊತ್ತಿರುತ್ತಿತ್ತು ಎಂದಳು. ಆಮೇಲೆ ಅದೇ ಉಸಿರಿನಲ್ಲಿ, ನಾನು ಅವರನ್ನು ಪ್ರೀತಿಸುತ್ತೀನಿ ಎಂದಳು. ಅತ್ತಿಗೆಗೆ ಬೈಗುಳದ ಮುಂದಿನ ಸಾಲು ಮರೆತುಹೋಯಿತು. ನಾದಿನಿಯ ಪಕ್ಕದಲ್ಲಿ ನೆಲದ ಮೇಲೇ ಕೂತು, ಅವಳು ಬಿಚ್ಚಿಟ್ಟಿದ್ದ ಚಕ್ರವನ್ನು ಎತ್ತಿಕೊಟ್ಟಳು.

ದಿನಗಳು ಕಳೆದವು. ಕನ್ನಡಕದವನು ಬರಲಿಲ್ಲ. ಜೋಡಿ ಸೈಕಲ್ ಗೋಡೆಗೆ ಒರಗಿ ನಿಂತೇ ಇತ್ತು. ಅಂಗಡಿಯ ಎಲ್ಲ ಚಕ್ರಗಳ ಬೆಂಡು ತೆಗೆದು ಮುಗಿದು, ಪಕ್ಕದ ಮನೆಯವರ ತಳ್ಳುಗಾಡಿಯ ಚಕ್ರಕ್ಕೂ ಕಡ್ಡಿ ಕೈ ಹಾಕಿದಾಗ ಅತ್ತಿಗೆಗೆ ದಿಗಿಲಾಯಿತು. ಹೋಗಿ ಮಾತಾಡಿಕೊಂಡು ಬಾ, ಮೂರು ಮಾತಿನ ಕಾನೂನು ಇವತ್ತಿಗೆ ರದ್ದು ಎಂದು ಕೈ ತೊಳೆಸಿ ಕಳಿಸಿದಳು.

ಕನ್ನಡಕದ ಅಂಗಡಿ ತಂಪಾಗಿ, ಸದ್ದಿಲ್ಲದೆ ಇತ್ತು. ಅವಳನ್ನು ನೋಡಿ ಅವನಿಗೆ ಏನು ಮಾಡಬೇಕೋ ತೋಚಲಿಲ್ಲ. ಅಂಗಡಿಗೆ ಬಂದವರನ್ನು ಕುರ್ಚಿಯಲ್ಲಿ ಕೂರಿಸುವುದು ಅಭ್ಯಾಸ, ಕೂರಿಸಿದ. ಕೂತವರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಇಡುವುದು ಅಭ್ಯಾಸ, ಹೇಳಿ ಕೇಳಿ ಇಟ್ಟ. ಗೋಡೆಯ ಮೇಲಿನ ಅಕ್ಷರ ತೋರಿಸಿ, ಗಾಜು ತೆಗೆದು ಹಾಕಿ, ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ ಎಂದು ಕೇಳತೊಡಗಿದ. ಕಡ್ಡಿ ಹೇಳುತ್ತ ಹೋದಳು. ಒಂದು ಕಡೆ ಮಾತ್ರ ತಡೆದು, ಎರಡೂ ಒಂದೇ, ಈ ಸಲ ನೀವು ಗಾಜು ಬದಲಾಯಿಸಲೇ ಇಲ್ಲ ಎಂದಳು.

ಅವನ ಕೈ ನಿಂತಿತು. ಅದು ಅವನ ಹಳೆಯ ಉಪಾಯ. ಹೆಚ್ಚಿನವರು ಕಣ್ಣಿನ ಮುಂದೆ ಕಂಡದ್ದನ್ನು ಹೇಳುವುದಿಲ್ಲ, ಪರೀಕ್ಷೆ ಮಾಡುವವನಿಗೆ ಯಾವ ಉತ್ತರ ಇಷ್ಟವಾಗಬಹುದೆಂದು ಲೆಕ್ಕ ಹಾಕಿ ಹೇಳುತ್ತಾರೆ. ಅದನ್ನು ಹಿಡಿಯಲು ಅವನು ನಡುವೆ ಒಮ್ಮೆ ಅದೇ ಗಾಜನ್ನೇ ತೆಗೆದು ಹಾಕುತ್ತಿದ್ದ. ಇಷ್ಟು ವರ್ಷದಲ್ಲಿ ಎಲ್ಲರೂ ‘ಈಗ ಚೆನ್ನಾಗಿದೆ’ ಎಂದವರೇ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಎಂದು ಹೇಳಿ ಅವನು ಎದುರು ಸ್ಟೂಲಿನ ಮೇಲೆ ಕೂತುಕೊಂಡ.

ಆಗ ಕಡ್ಡಿ ತಾನು ಬಂದ ಕೆಲಸ ಹೇಳಿದಳು. ಗುರುತು ಹೋಗಿದ್ದು ಕಂಬಿಯ ಮೇಲಿನಿಂದ, ನಿಮ್ಮ ಕೈಗೆ ಎತ್ತರ ಗೊತ್ತಿರಬಹುದು, ಅವತ್ತು ಹೊರಡುವ ಮುಂಚೆ ನಿಮ್ಮ ಎಡಗೈ ಹಿಂದಕ್ಕೆ ಬಂದು ಸೀಟಿನ ಕೆಳಗೆ ಗಾಳಿ ತಟ್ಟಿತು ಎಂದಳು. ಅವನಿಗೆ ಅದರ ನೆನಪೇ ಇರಲಿಲ್ಲ. ತಾನು ಯಾವಾಗಲೂ ಹಾಗೆ ಸೀಟಿನ ಮೂತಿಯನ್ನು ಎರಡು ಸಲ ತಟ್ಟಿ ‘ಹೊರಡೋಣವಾ’ ಎಂದು ಕೇಳುತ್ತಿದ್ದುದು ಆಗ ನೆನಪಾಯಿತು. ಬಾಗಿಲು ಹಾಕಿ ಅವಳ ಜೊತೆಯಲ್ಲೇ ಹೊರಟ.

ಅಂಗಡಿಯಲ್ಲಿ ಅತ್ತಿಗೆ ಸೈಕಲ್ಲನ್ನು ಗಟ್ಟಿಯಾಗಿ ಹಿಡಿದು ನಿಂತಳು. ಅವನು ಮುಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದ. ಕಡ್ಡಿ ಹಿಂದಿನ ಸೀಟನ್ನು ಮೇಲೆ ಕೆಳಗೆ ಜರುಗಿಸುತ್ತ, ಇದಾ, ಇದಾ ಎಂದು ಅವನದೇ ಧಾಟಿಯಲ್ಲಿ ಕೇಳಿದಳು. ಅವನ ಕೈ ಹಿಂದಕ್ಕೆ ಬಂದು ತಡಕಿತು, ತಟ್ಟಿತು, ಬೇಡವೆಂದಿತು. ಕೊನೆಗೆ ‘ಇದೇ’ ಎಂದ. ಕಡ್ಡಿ ಕಂಬಿಯ ಮೇಲೆ ಅಲ್ಲಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳು. ಅಷ್ಟಕ್ಕೇ ಬಿಡಬಹುದಿತ್ತು, ಅತ್ತಿಗೆಯಂತೂ ದೊಡ್ಡ ನಿಟ್ಟುಸಿರು ಬಿಟ್ಟಾಗಿತ್ತು. ಆದರೆ ಒಂದು ಸಲ ಅಳೆದದ್ದನ್ನು ಕಡ್ಡಿ ನಂಬುವವಳಲ್ಲ. ಇನ್ನೊಮ್ಮೆ ನೋಡೋಣ ಎಂದಳು. ಇನ್ನೊಮ್ಮೆಯೂ ‘ಇದೇ’ ಎಂಬುದು ಬಂತು, ಮತ್ತೊಮ್ಮೆಯೂ ಬಂತು. ಅವನು ಕಣ್ಣು ಬಿಟ್ಟು, ಇಳಿದು ಬಂದು ನೋಡಿದ. ಕಂಬಿಯ ಮೇಲೆ ಮೂರು ಗೆರೆ ಇದ್ದವು.

ಮೂರೂ ಹೆಚ್ಚು ಕಡಿಮೆ ಒಂದೇ ಅಲ್ಲವಾ ಎಂದು ಅವನು ಕೇಳಿದ. ಕೇಳಿದ ದನಿ ಬಹಳ ಸಣ್ಣದಾಗಿತ್ತು. ಅತ್ತಿಗೆ ಹೌದೆನ್ನು, ಹೌದೆನ್ನು ಎಂದು ಕಣ್ಣಲ್ಲೇ ಬೇಡಿಕೊಂಡಳು.

“ಅಲ್ಲ,” ಎಂದಳು ಕಡ್ಡಿ. “ಮೇಲಿನದಕ್ಕೂ ಕೆಳಗಿನದಕ್ಕೂ ಎರಡು ಬೆರಳು ವ್ಯತ್ಯಾಸ ಇದೆ. ನಿಮ್ಮ ಕೈ ಮರೀತಾ ಇದೆ.”

ಅವನು ಸೈಕಲ್ಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಭುಜ ಅಲುಗುತ್ತಿತ್ತು. ನಗುತ್ತಿದ್ದೀರಾ, ಅಳುತ್ತಿದ್ದೀರಾ ಎಂದು ಕಡ್ಡಿ ಕೇಳಿದಳು. ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅದು. ಎರಡೂ ಎಂದು ಅವನು ಹೇಳಿದ. ಎರಡಕ್ಕೂ ಆಗುತ್ತದೆಂದು ಅವಳು ಗ್ರೀಸಿಲ್ಲದ ಬಟ್ಟೆಯೊಂದನ್ನು ಹುಡುಕಿ ಕೊಟ್ಟಳು.

“ಎರಡು ವರ್ಷದಿಂದ ಎಲ್ಲರೂ ಅವಳು ಎಲ್ಲೂ ಹೋಗಿಲ್ಲ, ನಿಮ್ಮ ಜೊತೇಲೇ ಇದ್ದಾಳೆ ಅಂತಾರೆ,” ಎಂದ ಅವನು. “ನನಗೆ ಮರೀತಾ ಇದೆ ಅಂತ ನನಗೆ ಗೊತ್ತಿತ್ತು. ಯಾರಿಗೂ ಹೇಳೋ ಹಾಗಿರ್ಲಿಲ್ಲ. ಒಬ್ಬನೇ ಅದನ್ನ ಇಟ್ಕೊಂಡು ಕೂತಿದ್ದೆ.”

ಕಡ್ಡಿ ಅವನ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು. ನಮ್ಮಪ್ಪನಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ, ಯಾವ ಕಿವಿ ಎಂದು ಈಗ ನನಗೆ ಮರೆತುಹೋಗಿದೆ ಎಂದಳು. ಅದು ಮರೆತ ದಿನ ಪ್ರೀತಿಯೂ ಕಡಿಮೆ ಆಗಿದೆಯೇನೋ ಎಂದು ಪರೀಕ್ಷೆ ಮಾಡಿ ನೋಡಿದೆ, ಆಗಿರಲಿಲ್ಲ ಎಂದಳು. ಹೇಗೆ ಪರೀಕ್ಷೆ ಮಾಡಿದಿರಿ ಎಂದು ಅವನು ಕೇಳಿದ. ಅಪ್ಪನ ಸುತ್ತಿಗೆಯನ್ನು ಯಾರೋ ಕಡ ಕೇಳಿದರು, ಕೊಡಲು ಆಗಲಿಲ್ಲ, ಅಷ್ಟೇ ಎಂದಳು. ಅತ್ತಿಗೆ ಪರದೆಯ ಆಚೆ ಹೋಗಿ ಮೂಗು ಸೀಟಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಅವನು ಎದ್ದ. ಹಿಂದಿನ ಸೀಟನ್ನು ನೋಡಿದ, ಕಡ್ಡಿಯ ಉದ್ದನೆಯ ಕಾಲುಗಳನ್ನು ನೋಡಿದ. ನಿಮ್ಮ ಎತ್ತರಕ್ಕೆ ಇಡಿ ಎಂದ.

ಕಡ್ಡಿ ಸೀಟನ್ನು ಮೇಲಕ್ಕೆಳೆದಳು. ಸೀಮೆಸುಣ್ಣದ ಮೂರು ಗೆರೆಗಳೂ ಸೀಟಿನ ಜೊತೆ ಮೇಲಕ್ಕೆ ಬಂದು ಎದ್ದು ಕಾಣತೊಡಗಿದವು. ಒರೆಸಿಬಿಡಲಾ ಎಂದು ಕೇಳಿದಳು, ಉಜ್ಜುವ ವಿಷಯದಲ್ಲಿ ಇನ್ನು ಮುಂದೆ ಕೇಳದೆ ಕೈ ಹಾಕಬಾರದೆಂದು ತೀರ್ಮಾನಿಸಿದ್ದಳು. ಬೇಡ, ಮಳೆ ಬಂದಾಗ ಅದಾಗಿ ಅದೇ ಹೋಗಲಿ ಎಂದ. ಅವಳು ಬೋಲ್ಟಿಗೆ ಬೆರಳು ಹಚ್ಚಿ, ತಟ್ಟನೆ ನಿಲ್ಲಿಸಿದಳು.

“ಎಷ್ಟು ದಿನಕ್ಕೆ?” ಎಂದಳು. “ಇವತ್ತು ಒಂದು ಸುತ್ತು ಮಾತ್ರ ಅಂದ್ರೆ ಕೈಯಲ್ಲಿ ತಿರುವಿದರೆ ಸಾಕು. ದಿನಾ ಅಂದ್ರೆ ಸ್ಪ್ಯಾನರ್ ಹಾಕಿ ಬಿಗೀಬೇಕು. ಅದಕ್ಕೆ ಕೇಳ್ದೆ.”

ಪರದೆಯ ಆಚೆಯಿಂದ ಅತ್ತಿಗೆ ಇಣುಕಿದಳು. ಅವನು ಅವಳ ಕೈಯನ್ನೂ ಬೋಲ್ಟನ್ನೂ ನೋಡುತ್ತ ನಿಂತ. ಆಮೇಲೆ ಗೋಡೆಯಲ್ಲಿ ಸಾಲಾಗಿ ನೇತುಹಾಕಿದ್ದ ಸ್ಪ್ಯಾನರುಗಳಲ್ಲಿ ಒಂದನ್ನು ತೆಗೆದು, ‘ಕೈಗೆ ಕೊಡ್ತೀನಿ’ ಎಂದು ಮೊದಲೇ ಹೇಳಿ, ಅವಳ ಕೈಗಿಟ್ಟ.